ಕಿವಿ ಮೇಸ್ತ್ರಿ ಬಗ್ಗಿಸಿದ ತಗಡು

ಬಸ್ಸು ಇನ್ನೂ ಗೇಟಿನಾಚೆ ತಿರುವಿನಲ್ಲಿ ಇರುವಾಗಲೇ ಅದರ ಯಾವ ಚಕ್ರಕ್ಕೆ ಯಾವ ಕಾಯಿಲೆ ಅಂತ ಅವನು ಹೇಳಿಬಿಡುತ್ತಿದ್ದ. ಗುಂಡಿಯೊಳಗೆ ನಿಂತು ಇನ್ನೊಂದು ಬಸ್ಸಿನ ಹೊಟ್ಟೆಗೆ ಕೈ ಹಾಕಿಕೊಂಡಿದ್ದವನು ತಲೆ ಕೂಡ ಎತ್ತದೆ, "ಹಿಂದೆ ಎಡಗಡೆ ಬೇರಿಂಗು. ಇನ್ನೊಂದು ವಾರ ತಾಳಿದರೆ ಹೆಚ್ಚು" ಅಂತ ಕೂಗುತ್ತಿದ್ದ. ಡ್ರೈವರ್ ಇಳಿದು ಬಂದು "ಮೇಸ್ತ್ರಿ, ಹಿಂದೆ ಏನೋ ಒಂಥರಾ..." ಅಂತ ಬಾಯಿ ತೆಗೆಯುವಷ್ಟರಲ್ಲಿ ಜಾಕು ಎಡಚಕ್ರದ ಪಕ್ಕ ಬಂದು ಕೂತಿರುತ್ತಿತ್ತು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ವರ್ಕ್‌ಶಾಪಿಗೆಲ್ಲ ಅವನು ಕಿವಿ ಮೇಸ್ತ್ರಿ ಆಗಿಹೋಗಿದ್ದ.

ಆ ಕಿವಿ ಭಾನುವಾರ ಕೂಡ ಸುಮ್ಮನಿರುತ್ತಿರಲಿಲ್ಲ. ಚರ್ಚಿನಲ್ಲಿ ಪಾದ್ರಿ ಅಯ್ಯನವರು ಪ್ರಸಂಗ ಹೇಳಲು ನಿಂತರೆ ಇವನ ಕಣ್ಣು ಮೆಲ್ಲಗೆ ಮೇಲಕ್ಕೆ ಏರುತ್ತಿತ್ತು. ಹಿಂದಿನ ಸಾಲಿನವರು ಎಂಥ ಭಕ್ತಿ ಅಂದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತ ಹೆಂಡತಿಗೆ ಮಾತ್ರ ಗೊತ್ತು, ಅದು ಸ್ವರ್ಗದ ಕಡೆ ನೋಡಿದ್ದಲ್ಲ, ಮೂರನೇ ಫ್ಯಾನಿನ ಕಡೆ. ಅವನ ಮೊಣಕೈಗೆ ಒಂದು ಚಿವುಟಿದರೆ ಕಣ್ಣು ಕೆಳಗಿಳಿಯುತ್ತಿತ್ತು.

ಹತ್ತೊಂಬತ್ತನೇ ವಯಸ್ಸಿಗೆ ಚಕ್ರ ತೊಳೆಯುವ ಕೆಲಸಕ್ಕೆ ಅಲ್ಲಿಗೆ ಬಂದವನು. ಆಗ ಮೂಗಿನ ತುದಿಯಲ್ಲೇ ಸಿಟ್ಟು. ವಾರಕ್ಕೊಂದು ಜಗಳ, ತಿಂಗಳಿಗೊಂದು ಹೊಡೆದಾಟ. ಅವನನ್ನು ಹಿಡಿದು ತಿದ್ದಿದವರು ದೊಡ್ಡ ಮೇಸ್ತ್ರಿ. ಬಲಗೈಯಲ್ಲಿ ಒಂದು ಬೆರಳು ಕಮ್ಮಿ ಇದ್ದ, ಎಂದೂ ದನಿ ಎತ್ತದ ಮನುಷ್ಯ. ವಾರದ ಆರು ದಿನ ಬಸ್ಸಿನ ಕೆಳಗೆ ಪಕ್ಕದಲ್ಲಿ ಮಲಗಿಸಿಕೊಂಡು ಕೆಲಸ ಕಲಿಸಿದರು, ಏಳನೇ ದಿನ ಚರ್ಚಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡರು. ಮೂರು ವರ್ಷಕ್ಕೆ ಹುಡುಗ ದೀಕ್ಷಾಸ್ನಾನ ತೆಗೆದುಕೊಂಡ, ಐದು ವರ್ಷಕ್ಕೆ ಮೇಸ್ತ್ರಿಯಾದ, ಏಳು ವರ್ಷಕ್ಕೆ ಮದುವೆಯಾದ. ಹೆಂಡತಿ ಮನೆಯಲ್ಲೇ ಮೆಷಿನ್ ಹಾಕಿಕೊಂಡು ಅಂಗಡಿಗಳಿಗೆ ಪರದೆ ಹೊಲಿಯುವವಳು. ಮದುವೆಯ ಜೊತೆಯಲ್ಲೇ ಅತ್ತೆಯೂ ಮನೆಗೆ ಬಂದರು. ಅತ್ತೆಗೆ ಕಿವಿ ಮಂದ. "ದೇವರು ಲೆಕ್ಕ ಸರಿ ಮಾಡಿದ್ದಾನೆ, ನನ್ನ ಪಾಲಿಂದೂ ನಿಮಗೇ ಕೊಟ್ಟಿದ್ದಾನೆ" ಅಂತ ಅಳಿಯನನ್ನು ಆಡಿಕೊಳ್ಳುತ್ತಿದ್ದರು.

ದೊಡ್ಡ ಮೇಸ್ತ್ರಿ ಕಲಿಸಿದ ಪಾಠ ಒಂದೇ. "ಸದ್ದು ಮಾಡೋ ಬಸ್ಸನ್ನ ಬೈಬೇಡ ಮಗಾ. ಅದು ಬಾಯಿಬಿಟ್ಟು ಹೇಳ್ತಾ ಇದೆ. ಬಾಯಿ ಮುಚ್ಚಿಸೋ ಮೊದಲು ಏನು ಹೇಳ್ತಿದೆ ಅಂತ ಕೇಳು."

ಬ್ರೇಕಿನ ವಿಷಯದಲ್ಲಂತೂ ಇದು ಅಕ್ಷರಶಃ ನಿಜ. ಚಕ್ರದ ಜೊತೆ ತಿರುಗುವ ಒಂದು ಉಕ್ಕಿನ ತಟ್ಟೆ; ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಎರಡು ಪ್ಯಾಡು. ಪ್ಯಾಡು ದಿನದಿನಕ್ಕೆ ಸವೆಯುತ್ತದೆ. ಪೂರ್ತಿ ಸವೆದರೆ ಬಸ್ಸು ನಿಲ್ಲುವುದಿಲ್ಲ. ಅದಕ್ಕೆಂದೇ ಮಾಡುವವರು ಪ್ಯಾಡಿನ ಅಂಚಿಗೆ ನಾಲಿಗೆಯಂಥ ಒಂದು ಸಣ್ಣ ತಗಡು ಇಟ್ಟಿರುತ್ತಾರೆ. ಪ್ಯಾಡು ಅಪಾಯದ ಮಟ್ಟಕ್ಕೆ ಇಳಿದಾಗ ಆ ತಗಡು ತಟ್ಟೆಗೆ ತಾಗಿ ಕಿರ್ರೋ ಎಂದು ಚೀರುತ್ತದೆ. ಅದರ ಕೆಲಸವೇ ಚೀರುವುದು. ಪ್ಯಾಡು ಬದಲಿಸಲು ಒಂದು ಗಂಟೆ ಬೇಕು. ತಗಡನ್ನು ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ಬಗ್ಗಿಸಿ ಬಾಯಿ ಮುಚ್ಚಿಸಲು ಎರಡು ನಿಮಿಷ ಸಾಕು. ಬೇರೆ ಕಡೆ ಹಾಗೆ ಮಾಡುವವರು ಇದ್ದರು. ಕಿವಿ ಮೇಸ್ತ್ರಿ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ.

ನಲವತ್ತೈದು ದಾಟಿದ ವರ್ಷ ವರ್ಕ್‌ಶಾಪಿನ ಸ್ಟೋರಿಗೆ ಹೊಸಬರೊಬ್ಬರು ಬಂದರು. ಹೆಂಗಸು. ಮೂವತ್ತೇಳು ಮೂವತ್ತೆಂಟು ಇರಬಹುದು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಂದು ಸಲ ಮನೆಗೆ ಬರುತ್ತಿದ್ದ. ಅವರಿದ್ದ ಮನೆಯಲ್ಲಿ ಜೊತೆಗೆ ಒಬ್ಬರು ಅತ್ತಿಗೆ. ಸ್ಟೋರಿನವರು ಕೆಟ್ಟ ಹೆಂಗಸೇನಲ್ಲ. ಬಂದ ಹದಿನೈದು ದಿನದಲ್ಲಿ ಆ ಸ್ಟೋರಿನ ಗೊಂದಲವನ್ನೆಲ್ಲ ಬಿಡಿಸಿ, ಸಾಲು ಸಾಲಾಗಿ ಚೀಟಿ ಅಂಟಿಸಿ, ಕಣ್ಣುಮುಚ್ಚಿ ಕೈ ಹಾಕಿದರೂ ಬೇಕಾದ ಬೋಲ್ಟ್ ಸಿಗುವ ಹಾಗೆ ಮಾಡಿದರು. ಮೇಸ್ತ್ರಿಗೆ ಮೊದಲು ಹಿಡಿಸಿದ್ದು ಅದೇ, ಆ ಅಚ್ಚುಕಟ್ಟು.

ಆಮೇಲೆ ಹಿಡಿಸಿದ್ದು ಅವರು ಕೇಳುವ ರೀತಿ.

"ಅಲ್ಲ ಮೇಸ್ತ್ರಿ ಅವರೇ, ಅಷ್ಟು ದೂರದಿಂದ ಹೇಗೆ ಗೊತ್ತಾಗುತ್ತೆ ನಿಮಗೆ?"

"ಹೇಗೆ ಅಂದ್ರೆ... ಕೇಳುತ್ತೆ, ಅಷ್ಟೇ."

"ಅಷ್ಟೇ ಅಂತೀರಲ್ಲ! ನಮಗೆ ಯಾಕೆ ಕೇಳೋಲ್ಲ ಮತ್ತೆ?"

ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಯಾರೂ ಇದನ್ನು ಕೇಳಿರಲಿಲ್ಲ. ಹೆಂಡತಿಗೆ ಅದು ಗಂಡನಿಗೆ ಎರಡು ಕೈ ಇದ್ದ ಹಾಗೆ. ಇದೆ, ಅದರಲ್ಲೇನು ವಿಶೇಷ? ಇಲ್ಲಿ ಒಬ್ಬರು ಕೌಂಟರಿನ ಮೇಲೆ ಕೈಯಿಟ್ಟು, ಕಣ್ಣರಳಿಸಿ ಕೇಳುತ್ತಿದ್ದರು. ಮೇಸ್ತ್ರಿ ನಿಂತು ಹೇಳಿದ. ಮಾರನೇ ದಿನ ಒಂದು ನಟ್ಟು ತರಲು ಹೋದವನು ಕಾಲು ಗಂಟೆ ನಿಂತ. ಅದರ ಮಾರನೇ ದಿನ ನಟ್ಟಿನ ಅಗತ್ಯವೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಅವರ ಕಡೆ ಹೋಗುವ ವ್ಯಾನು ನಿಂತುಹೋಯಿತು. ಎರಡು ಬಸ್ಸು ಬದಲಿಸಿ ಮನೆ ಸೇರಬೇಕು. ಅವರ ಬೀದಿ ಮೇಸ್ತ್ರಿಯ ದಾರಿಯಲ್ಲೇ ಇತ್ತು. "ಬನ್ನಿ ಮೇಡಂ, ಬಿಟ್ಟು ಹೋಗ್ತೀನಿ" ಅಂತ ಸ್ಕೂಟರಿನ ಹಿಂದಿನ ಸೀಟು ಒರೆಸಿದ. ಆ ಸಂಜೆಯೇ ಹೆಂಡತಿಗೆ ಹೇಳಿದ.

"ಪಾಪ, ಒಳ್ಳೇದೇ ಮಾಡಿದ್ರಿ ಬಿಡಿ" ಅಂದಳು ಅವಳು, ಬಾಯಲ್ಲಿ ದಾರ ಕಚ್ಚಿಕೊಂಡೇ.

ಅಲ್ಲಿಯವರೆಗೆ ಎಲ್ಲವೂ ಬೆಳಕಿನಲ್ಲೇ ಇತ್ತು. ಮೂರನೇ ವಾರ ಹೆಂಡತಿ ಸುಮ್ಮನೆ ಮಾತಿಗೆಂದು, "ಇವತ್ತೂ ಸ್ಟೋರಿನವರನ್ನ ಬಿಟ್ಟು ಬಂದ್ರಾ?" ಅಂದಳು. ಮೇಸ್ತ್ರಿಯ ಬಾಯಿಂದ ತಾನೇ ತಾನಾಗಿ ಬಂತು: "ಇಲ್ಲ, ಟೈರ್ ಅಂಗಡಿಗೆ ಹೋಗಿದ್ದೆ, ಲೇಟಾಯ್ತು."

ಯಾಕೆ ಹಾಗೆಂದ? ಮುಚ್ಚಿಡುವಂಥದ್ದು ಏನೂ ನಡೆದಿರಲಿಲ್ಲ. ಕೈ ತಾಗಿರಲಿಲ್ಲ, ಮಾತು ಮೀರಿರಲಿಲ್ಲ. ಅಂದಮೇಲೆ ಸುಳ್ಳು ಯಾಕೆ? ಊಟಕ್ಕೆ ಕೂತಾಗ ಇದು ಒಂದು ಸಲ ತಲೆಯೊಳಗೆ ಸುಳಿಯಿತು. ಸುಳಿದದ್ದನ್ನು ನೀರು ಕುಡಿದು ಕೆಳಗಿಳಿಸಿದ.

ಆಮೇಲೆ ಒಂದಾದ ಮೇಲೊಂದು. ವಾರಕ್ಕೆರಡು ಸಲ ಗಡ್ಡ ಹೆರೆಯುತ್ತಿದ್ದವನು ದಿನಾ ಹೆರೆಯತೊಡಗಿದ. ಕೆಲಸಕ್ಕೆ ಹೋಗುವ ಅಂಗಿಗೆ ಇಸ್ತ್ರಿ ಬಿತ್ತು.

"ಅಳಿಯಂದ್ರೇ, ಇವತ್ತು ಯಾರ ಮದುವೆ?" ಅಂತ ಅತ್ತೆ ಬಾಗಿಲಲ್ಲೇ ಹಿಡಿದರು.

"ಯಾರದ್ದೂ ಇಲ್ಲ ಅತ್ತೆ."

"ಹಾಂ?"

"ಯಾರದ್ದೂ ಇಲ್ಲ ಅಂದೆ!"

"ಬಸ್ಸಿನ ಅಡಿ ಮಲಗೋರಿಗೆ ಇಸ್ತ್ರಿ ಅಂಗಿ ಯಾಕೆ? ಚಕ್ರ ಏನಾದ್ರೂ ನಿಮ್ಮ ಅಂಗಿ ನೋಡುತ್ತಾ?"

ಬೇರೆ ದಿನವಾಗಿದ್ದರೆ ಅವನು ತಿರುಗಿ ಒಂದು ಕೊಡುತ್ತಿದ್ದ, ಅವರು ಎರಡು ಕೊಡುತ್ತಿದ್ದರು, ಬೀದಿಗೆಲ್ಲ ಕೇಳುತ್ತಿತ್ತು. ಅವರಿಬ್ಬರ ನಡುವಿನ ಪ್ರೀತಿ ಇದ್ದದ್ದೇ ಹಾಗೆ. ಅವತ್ತು ಅವನು ಮುಖ ಗಂಟಿಕ್ಕಿಕೊಂಡು ಹೊರಟುಹೋದ. ಅತ್ತೆ ಅವನ ಬೆನ್ನನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದರು.

ಸಂಜೆಯ ಕುಟುಂಬ ಪ್ರಾರ್ಥನೆ ಆ ಮನೆಯಲ್ಲಿ ತಪ್ಪಿದ್ದಿಲ್ಲ. ಒಂದು ಭಾಗ ಓದುವುದು ಹೆಂಡತಿ, ಪ್ರಾರ್ಥನೆ ಮಾಡುವುದು ಅವನು. ಬರಬರುತ್ತ ಅವನ ಪ್ರಾರ್ಥನೆ ಕುಗ್ಗಿತು. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಶೋಧನೆಯ ಮಾತು, ಅಂದರೆ ಪಾಪದ ಸೆಳೆತಕ್ಕೆ ನಮ್ಮನ್ನು ಒಳಪಡಿಸಬೇಡ ಅನ್ನುವ ಮಾತು, ಬರುವ ಜಾಗಕ್ಕೆ ಸರಿಯಾಗಿ ಅವನಿಗೆ ಕೆಮ್ಮು ಬರುತ್ತಿತ್ತು. ಕೊನೆಗೊಂದು ದಿನ, "ಇವತ್ತು ನೀನೇ ಮಾಡು, ಗಂಟಲು ಸರಿಯಿಲ್ಲ" ಅಂದ. ಗಂಟಲು ಸರಿಯಾಗಲು ಎರಡು ತಿಂಗಳು ಹಿಡಿಯುತ್ತದೆ ಅಂತ ಅವಳಿಗೆ ಆಗ ಗೊತ್ತಿರಲಿಲ್ಲ.

ದಾರಿಯೂ ಬದಲಾಯಿತು. ವರ್ಕ್‌ಶಾಪಿನಿಂದ ಮನೆಗೆ ನೆಟ್ಟಗಿನ ದೊಡ್ಡ ರಸ್ತೆ ಚರ್ಚಿನ ಮುಂದೆಯೇ ಹಾದುಹೋಗುತ್ತದೆ. ನಿವೃತ್ತರಾದ ದೊಡ್ಡ ಮೇಸ್ತ್ರಿ ದಿನಾ ಸಂಜೆ ಆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂರುತ್ತಿದ್ದರು. ಮೇಸ್ತ್ರಿಯ ಸ್ಕೂಟರು ಈಗ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಓಡತೊಡಗಿತು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮುದುಕರು ನಾಲ್ಕು ಬೆರಳಿನ ಕೈಯಲ್ಲಿ ಸನ್ನೆ ಮಾಡಿ ಕರೆದರು.

"ಲೇ ಮಗಾ, ಬಾ ಇಲ್ಲಿ. ಮಂಗಳವಾರ ನಿನ್ನ ಸ್ಕೂಟರ್ ನೋಡಿದೆ. ಮಾರ್ಕೆಟ್ ಹಿಂದಿನ ಓಣಿಯಲ್ಲಿ."

"ಇರಬಹುದು."

"ಇಷ್ಟು ವರ್ಷ ಈ ಗೇಟಿನ ಮುಂದೆ ಹೋಗ್ತಿದ್ದೆ, ಒಂದು ಹಾರ್ನ್ ಹೊಡೀತಿದ್ದೆ. ನಾನು ಟೈಮ್ ನೋಡ್ತಿದ್ದದ್ದೇ ನಿನ್ನ ಹಾರ್ನಿನಿಂದ. ಈಗ ಒಂದೂವರೆ ತಿಂಗಳಿಂದ ನಂಗೆ ಗಂಟೆ ಎಷ್ಟಾಯ್ತು ಅಂತಾನೇ ಗೊತ್ತಾಗ್ತಿಲ್ಲ."

"ಆ ಕಡೆ ರಸ್ತೆ ಚೆನ್ನಾಗಿದೆ ದೊಡ್ಡಣ್ಣ."

"ಆ ಕಡೆ ರಸ್ತೆಯೇ ಇಲ್ವಲ್ಲೋ. ಬರೀ ಹೊಂಡ."

ಮೇಸ್ತ್ರಿ ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದ.

"ಹಿಂದೆ ಕೂತಿದ್ದವರು ಯಾರು ಅಂತ ನಾನು ಕೇಳ್ತಿಲ್ಲ" ಅಂದರು ಮುದುಕರು. "ಓಣಿ ಯಾಕೆ ಅಂತ ಕೇಳ್ತಿದೀನಿ."

ಮೇಸ್ತ್ರಿಯ ಮೈ ಉರಿದುಹೋಯಿತು. "ಒಬ್ಬ ಹೆಣ್ಣುಮಗಳಿಗೆ ಸಹಾಯ ಮಾಡೋದೂ ಪಾಪಾನಾ? ನಾನೇನು ಚಿಕ್ಕ ಹುಡುಗನಾ? ಇಡೀ ಸಭೆಗೆ ಬೇರೆ ಕೆಲಸ ಇಲ್ಲ, ನನ್ನ ಸ್ಕೂಟರ್ ಕಾಯೋದೇ ಕೆಲಸ!"

"ಇಡೀ ಸಭೆ ಅಲ್ಲಪ್ಪ, ನಾನೊಬ್ಬ. ನನಗೆ ನಿಜವಾಗ್ಲೂ ಬೇರೆ ಕೆಲಸ ಇಲ್ಲ." ಮುದುಕರು ದನಿ ಏರಿಸಲಿಲ್ಲ. "ಕೋಪ ಬಂತಲ್ಲ ನಿಂಗೆ. ಅದು ಎಲ್ಲಿಂದ ಬಂತು ಅಂತ ಮನೆಗೆ ಹೋಗಿ ಸ್ವಲ್ಪ ಕೇಳಿಸ್ಕೋ. ನಾನು ಪ್ರಾರ್ಥನೆ ಮಾಡ್ತೀನಿ."

ಅವನು ಕೇಳಿಸಿಕೊಳ್ಳಲಿಲ್ಲ. ಮುಂದಿನ ಎರಡು ಭಾನುವಾರ ಮುದುಕರು ಕೂರುವ ಸಾಲು ಬಿಟ್ಟು ಆಚೆ ಬದಿಯ ಸಾಲಿನಲ್ಲಿ ಕೂತ. ಅಲ್ಲಿಂದ ಮೂರನೇ ಫ್ಯಾನಿನ ಸದ್ದು ಕೇಳಿಸುತ್ತಿತ್ತೋ ಇಲ್ಲವೋ, ಅವನು ಗಮನಿಸಲೇ ಇಲ್ಲ.

ಅದರ ಮುಂದಿನ ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಸ್ಟೋರಿನ ಕಿಟಕಿಯಲ್ಲಿ ಅವರು ದನಿ ತಗ್ಗಿಸಿ ಹೇಳಿದರು, "ಇವತ್ತು ಬಾಗಿಲಿಂದಲೇ ಹೋಗ್ಬೇಡಿ. ಒಳಗೆ ಬಂದು ಟೀ ಕುಡ್ಕೊಂಡು ಹೋಗಿ. ಅತ್ತಿಗೆ ಅವರ ತಂಗಿ ಮನೆಗೆ ಹೋಗಿದಾರೆ, ಶನಿವಾರ ಬರ್ತಾರೆ."

ಅತ್ತಿಗೆ ಎಲ್ಲಿಗೆ ಹೋದರು ಅಂತ ಅವನು ಕೇಳಿರಲಿಲ್ಲ. ಹೇಳಿದ್ದು ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. "ಆಯ್ತು" ಅಂದ. ಕೆಲಸಕ್ಕೆ ತಿರುಗಿದರೆ ಸ್ಪ್ಯಾನರು ಎರಡು ಸಲ ಜಾರಿತು.

ನಾಲ್ಕೂವರೆಗೆ ಗುಡ್ಡದ ಬಸ್ಸು ಬಂತು. ಊರಾಚೆ ಗುಡ್ಡದ ಮೇಲೊಂದು ದೊಡ್ಡ ಆಸ್ಪತ್ರೆ. ಅಲ್ಲಿನ ನರ್ಸುಗಳನ್ನು ಬೆಳಿಗ್ಗೆ ಸಂಜೆ ಹತ್ತಿಸಿ ಇಳಿಸುವ ಬಸ್ಸು ಅದು. ಓಡಿಸುವವನು ಉದ್ದ ಡ್ರೈವರ್. ಅವನ ತಲೆ ಬಸ್ಸಿನ ಒಳಚಾವಣಿಗೆ ತಾಗಿ ತಾಗಿ ಅಲ್ಲಿ ಒಂದು ಎಣ್ಣೆಯ ಗುರುತು ಬಿದ್ದಿತ್ತು. ಬಸ್ಸು ಗೇಟಿನೊಳಗೆ ಬಂದು ನಿಲ್ಲುವಾಗ ಮುಂದಿನ ಎರಡೂ ಚಕ್ರ ಚೀರಿದವು.

"ಮೇಸ್ತ್ರೀ, ಇವತ್ತು ಬೆಳಿಗ್ಗೆಯಿಂದ ಇದೇ ಗೋಳು! ನರ್ಸಮ್ಮಂದಿರು ಕಿವಿ ಮುಚ್ಕೊಂಡು ಕೂತಿದ್ರು. ಹೋಗುವಾಗ ಏನೋ ಏರುದಾರಿ ಸರಿ, ಇಳಿಯುವಾಗ ಬ್ರೇಕಿನ ಮೇಲೇ ಕಾಲು ನೋಡಿ, ಐದು ಮೈಲಿ ಸಂಗೀತ ಕಚೇರಿ!"

ಮೇಸ್ತ್ರಿ ಬಗ್ಗಿ ನೋಡಿದ. ಪ್ಯಾಡು ಹೆಬ್ಬೆರಳಿನ ಉಗುರಿನಷ್ಟು ಉಳಿದಿತ್ತು. ಬದಲಿಸಬೇಕು. ಎರಡೂ ಚಕ್ರ ಬಿಚ್ಚಬೇಕು. ಒಂದೂಕಾಲು ಗಂಟೆ. ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಸ್ಟೋರು ಮುಚ್ಚುತ್ತದೆ.

ಅವನು ಸ್ಕ್ರೂಡ್ರೈವರ್ ತೆಗೆದುಕೊಂಡ.

ನಾಲ್ಕು ತಗಡು, ನಾಲ್ಕು ಸಲ ಮಣಿಕಟ್ಟು ತಿರುಗಿಸಿದ್ದು. ನಾಳೆ ಬೆಳಿಗ್ಗೆ ಮೊದಲು ಇದನ್ನೇ ಮಾಡೋಣ, ಒಂದು ಸಲ ಹತ್ತಿ ಇಳಿದರೆ ಆಕಾಶವೇನೂ ಬೀಳುವುದಿಲ್ಲ ಅಂದುಕೊಂಡ. ರಿಜಿಸ್ಟರಿನಲ್ಲಿ 'ಬ್ರೇಕ್ ಸದ್ದು: ಸರಿಪಡಿಸಲಾಗಿದೆ' ಅಂತ ಬರೆದು ಸಹಿ ಹಾಕಿದ.

"ಇಷ್ಟು ಬೇಗ ಆಯ್ತಾ?" ಅಂದ ಉದ್ದ ಡ್ರೈವರ್.

"ಆಯ್ತು."

"ನಿಮ್ಮ ಕೈ ಬಿದ್ದ ಮೇಲೆ ಮುಗೀತು ಬಿಡಿ." ಅವನು ಎರಡು ಮಾತಿಲ್ಲದೆ ಸೀಟಿಗೆ ಹತ್ತಿದ. ಬಸ್ಸು ಸದ್ದಿಲ್ಲದೆ ಗೇಟು ದಾಟಿತು.

ಐದು ಇಪ್ಪತ್ತಕ್ಕೆ ಮೇಸ್ತ್ರಿಯ ಸ್ಕೂಟರು ಆ ಬೀದಿಯ ಕೊನೆಯ ಮನೆಯ ಮುಂದೆ ನಿಂತಿತು. ಅವರು ಬೀಗ ತೆಗೆದು ಒಳಗೆ ಹೋಗಿ ಕಿಟಕಿಯ ಪರದೆ ಸರಿಸಿದರು. ತೆರೆಯುವುದಕ್ಕಲ್ಲ, ಮುಚ್ಚುವುದಕ್ಕೆ. ಪರದೆ ಯಾವ ಅಂಗಡಿಯದ್ದು, ಯಾರ ಹೊಲಿಗೆ ಅಂತ ನೋಡಲು ಮೇಸ್ತ್ರಿಗೆ ಧೈರ್ಯವಾಗಲಿಲ್ಲ. ಹೊಸ್ತಿಲ ಹೊರಗೆ ಕೂತು ಬೂಟಿನ ದಾರ ಬಿಚ್ಚಿದ. ಒಂದು ಬೂಟು ಬಂತು. ಒಳಗೆ ಸ್ಟವ್ ಹಚ್ಚಿದ ಸದ್ದು. ಇನ್ನೊಂದು ಬೂಟಿನ ಗಂಟಿಗೆ ಕೈ ಹಾಕಿದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಉದ್ದ ಡ್ರೈವರ್.

"ಮೇಸ್ತ್ರೀ! ಥ್ಯಾಂಕ್ಸ್ ಹೇಳೋಣ ಅಂತ ಮಾಡಿದೆ. ಆಸ್ಪತ್ರೆ ಮುಂದೆ ನಿಂತಿದೀನಿ. ಸದ್ದೇ ಇಲ್ಲ! ಬೆಣ್ಣೆ, ಬೆಣ್ಣೆ! ನರ್ಸಮ್ಮಂದಿರು ನಿಮಗೆ ನಮಸ್ಕಾರ ಹೇಳಿ ಅಂದ್ರು. ಇನ್ನು ಹತ್ತು ನಿಮಿಷಕ್ಕೆ ಇವರನ್ನ ಹತ್ತಿಸ್ಕೊಂಡು ಇಳೀತೀನಿ."

ಫೋನಿನಲ್ಲಿ ಹಿಂದುಗಡೆ ಹೆಂಗಸರ ನಗು, ಟಿಫಿನ್ ಡಬ್ಬಿಗಳ ಸದ್ದು ಕೇಳಿಸಿತು. ಸದ್ದೇ ಇಲ್ಲ ಎಂಬ ಆ ಮಾತಿಗೆ ಮೇಸ್ತ್ರಿಯ ಕೈ ಬೂಟಿನ ಗಂಟು ಬಿಟ್ಟಿತು. ಸದ್ದಿಲ್ಲ ನಿಜ. ಅಡಗಿಸಿದವನು ಅವನೇ. ಗಂಟಲು ಸರಿಯಿಲ್ಲ ಅಂದಿದ್ದು, ಓಣಿ ಹಿಡಿದಿದ್ದು, ಟೈರ್ ಅಂಗಡಿ ಅಂದಿದ್ದು, ಮುದುಕರ ಮೇಲೆ ಹಾರಿಬಿದ್ದಿದ್ದು, ಎಲ್ಲ ಅದೇ ಕೈಕೆಲಸ. ಒಂದೊಂದು ಸಲ ಚೀರಿದಾಗಲೂ ಅವನು ಒಂದೊಂದನ್ನು ಬಗ್ಗಿಸುತ್ತ ಬಂದಿದ್ದ. ಇಂದು ಅದು ಮೂವತ್ತು ಜನರ ಬಸ್ಸಿನವರೆಗೆ ಹೋಗಿ ಮುಟ್ಟಿತ್ತು.

"ಇಳೀಬೇಡ" ಅಂದ.

"ಹಾಂ?"

"ಬಸ್ಸು ಅಲ್ಲೇ ನಿಲ್ಲಿಸು. ಚಕ್ರಕ್ಕೆ ಕಲ್ಲು ಕೊಡು. ನಾನು ಪ್ಯಾಡು ಹಾಕಿಲ್ಲ, ತಗಡು ಬಗ್ಗಿಸಿ ಕಳಿಸಿದೀನಿ. ಬರ್ತಿದೀನಿ."

ಆ ಕಡೆ ಡ್ರೈವರ್ ಬಸ್ಸಿನಿಂದ ಧುಮುಕಿದ ಸದ್ದು. ಆಮೇಲೆ, "ನೀವಾ?" ಅಂತ ಮಾತ್ರ ಕೇಳಿಸಿತು.

"ನಾನೇ."

ತಲೆ ಎತ್ತಿದರೆ ಅವರು ಕೈಯಲ್ಲಿ ಎರಡು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕೇಳಿಸಿಕೊಂಡಿದ್ದರು.

"ನಿಮ್ಮನ್ನ ಬಿಟ್ರೆ ಇನ್ಯಾರೂ ಇಲ್ವಾ ಅಲ್ಲಿ? ಟೀ ಆದ್ರೂ ಕುಡ್ಕೊಂಡು..."

"ಇಲ್ಲ ಮೇಡಂ. ಒಳಗೆ ಬರಲ್ಲ. ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ." ಬೂಟಿನೊಳಗೆ ಕಾಲು ತುರುಕುತ್ತಲೇ ಹೇಳಿದ. ನಿಂತು ಮಾತಾಡಿದರೆ ಮಾತು ಉಳಿಯುವುದಿಲ್ಲ ಅಂತ ಅವನಿಗೆ ತನ್ನ ಬಗ್ಗೆ ಗೊತ್ತಾಗಿತ್ತು. "ನಾಳೆಯಿಂದ ಬಿಟ್ಟು ಬರೋದೂ ಇಲ್ಲ. ಸ್ಟಾಫ್ ಬಸ್ಸಿನಲ್ಲಿ ಒಂದು ಸೀಟಿಗೆ ನಾನೇ ಮಾತಾಡ್ತೀನಿ. ತಪ್ಪು ನಿಮ್ದಲ್ಲ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಎಲ್ಲರೂ ಅಂದ್ರು. ನಾನೇ ಕೇಳಿಸ್ಕೊಳ್ಳಲಿಲ್ಲ."

ಅವರ ಮುಖ ಹುಳ್ಳಗಾಯಿತು, ಆಮೇಲೆ ಕೆಂಪಾಯಿತು. ಲೋಟಗಳನ್ನು ಕಿಟಕಿಕಟ್ಟೆಯ ಮೇಲಿಟ್ಟು ಕೈಚೀಲಕ್ಕೆ ಕೈ ಹಾಕಿ ಸ್ಟೋರಿನ ಬೀಗದಕೈ ತೆಗೆದುಕೊಟ್ಟರು. "ಪ್ಯಾಡು ಬೇಕಲ್ಲ ನಿಮಗೆ. ಎರಡನೇ ಸಾಲು, ಮೇಲಿನಿಂದ ಮೂರನೇ ಹಲಗೆ. ಬೀಗದಕೈ ವಾಚ್‌ಮನ್ ಹತ್ರ ಕೊಟ್ಟುಬಿಡಿ." ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ.

ಆಸ್ಪತ್ರೆಯ ಮುಂದಿನ ಮರದಡಿ ಮೂವತ್ತು ನರ್ಸುಗಳು ಕೈಚೀಲ ಹಿಡಿದು ನಿಂತಿದ್ದರು. ಬೆಳಕು ಇರುವಾಗಲೇ ಮೇಸ್ತ್ರಿ ಚಕ್ರ ಬಿಚ್ಚಿದ.

"ಮೇಸ್ತ್ರಿ ಅವರೇ, ನಾವು ಮನೆಗೆ ಹೋಗೋದು ಯಾವಾಗ? ನಮ್ಮೆಜಮಾನ್ರು ಹಸ್ಕೊಂಡು ಕೂತಿರ್ತಾರೆ."

"ಕೂರ್ಲಿ ಬಿಡೇ, ಒಂದಿನ ಒಲೆ ಎಲ್ಲಿದೆ ಅಂತ ಹುಡುಕ್ಲಿ."

"ಆಗಲೇ ನಮಸ್ಕಾರ ಹೇಳಿ ಅಂದಿದ್ದೆ, ವಾಪಸ್ ಕೊಡಿ ಅದನ್ನ!"

ಮೇಸ್ತ್ರಿ ತಲೆ ತಗ್ಗಿಸಿ ಕೆಲಸ ಮಾಡಿದ. ಅವರು ಬೈದಷ್ಟೂ ಅವನಿಗೆ ಹಗುರವಾಗುತ್ತಿತ್ತು. ಬೈಯಲು ಅವರೆಲ್ಲ ಅಲ್ಲಿ ನಿಂತಿದ್ದರಲ್ಲ. ಉದ್ದ ಡ್ರೈವರ್ ಹಳೆಯ ಪ್ಯಾಡೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದರಲ್ಲಿ ಇಳಿದಿದ್ರೆ ಏನಾಗ್ತಿತ್ತು?"

"ಬಹುಶಃ ಇವತ್ತು ಏನೂ ಆಗ್ತಿರಲಿಲ್ಲ."

"ಮತ್ತೆ ಇಷ್ಟು ಓಡಿ ಬಂದಿದ್ದು?"

"ಬ್ರೇಕಿನ ವಿಷಯದಲ್ಲಿ ನನ್ನ ಬಾಯಲ್ಲಿ ಬಹುಶಃ ಅನ್ನೋ ಮಾತು ಬಂತಲ್ಲ, ಅದಕ್ಕೇ."

ಮನೆ ಮುಟ್ಟುವಾಗ ಏಳೂಮುಕ್ಕಾಲು. ಹೆಂಡತಿ ಮೆಷಿನಿನ ಮುಂದೆ, ಅತ್ತೆ ಗೋಡೆಗೊರಗಿ ನೂಲಿನ ಸಿಕ್ಕು ಬಿಡಿಸುತ್ತ. ಕೈ ತೊಳೆಯಲೂ ಹೋಗದೆ ಅವನು ಹೆಂಡತಿಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಊಟ ಮಾಡಿ ಹೇಳೋಣ ಅಂದುಕೊಂಡರೆ ನಾಳೆಯಾಗುತ್ತದೆ, ನಾಳೆ ಎಂದರೆ ಎಂದೂ ಇಲ್ಲ. ಟೈರ್ ಅಂಗಡಿಯಿಂದ ಶುರುಮಾಡಿ ಬೂಟಿನವರೆಗೆ, ಒಂದನ್ನೂ ಬಿಡದೆ, ಒಂದನ್ನೂ ನಯ ಮಾಡದೆ ಹೇಳಿದ.

ಅವಳು ಮೆಷಿನಿನ ಚಕ್ರದ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

"ಒಳಗೆ ಹೋದ್ರಾ?"

"ಇಲ್ಲ."

"ಫೋನ್ ಬರದಿದ್ರೆ?"

ಮೇಸ್ತ್ರಿ ಗ್ರೀಸಿನ ಕೈಯನ್ನು ಇಸ್ತ್ರಿ ಅಂಗಿಗೆ ಒರೆಸಿಕೊಂಡ. "ಹೋಗ್ತಿದ್ದೆ" ಅಂದ.

ಅದನ್ನು ಹೇಳದೆ ಇರಬಹುದಿತ್ತು. ಹೇಳಿದ್ದಕ್ಕೇ ಅವಳು ಅತ್ತಳು. ಅತ್ತು, ಕಣ್ಣೊರೆಸಿಕೊಂಡು, "ಏನೋ ಇದೆ ಅಂತ ನಂಗೆ ಗೊತ್ತಿತ್ತು ರೀ. ಕೇಳೋಕೆ ಹೆದರ್ಕೊಂಡಿದ್ದೆ" ಅಂದಳು.

"ಏನಂತೆ?" ಅಂತ ಅತ್ತೆ ಗಟ್ಟಿಯಾಗಿ ಕೇಳಿದರು. ಅವರಿಗೆ ಕೇಳಿಸುವ ಹಾಗೆ ಹೇಳಬೇಕೆಂದರೆ ಅರ್ಧ ಬೀದಿಗೆ ಹೇಳಬೇಕು. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. "ಆಮೇಲೆ ಹೇಳ್ತೀನಮ್ಮ" ಅಂತ ಮಗಳು ಕೈಸನ್ನೆ ಮಾಡಿದಳು.

"ಹೇಳೋದೇನು ಬೇಡ" ಅಂದರು ಅತ್ತೆ. "ಎರಡು ತಿಂಗಳಿಂದ ಈ ಮನುಷ್ಯ ನನ್ನ ಜೊತೆ ಒಂದು ಜಗಳ ಆಡಿಲ್ಲ. ಆಗ್ಲೇ ನಂಗೆ ಅನ್ನಿಸ್ತು."

ಮಾರನೇ ಬೆಳಿಗ್ಗೆ ಮೇಸ್ತ್ರಿ ರಿಜಿಸ್ಟರಿನಲ್ಲಿ ತನ್ನ ಸಹಿಯ ಕೆಳಗೆ ಬರೆದ: 'ನಿನ್ನೆ ಈ ಬಸ್ಸಿಗೆ ಪ್ಯಾಡು ಹಾಕದೆ, ಎಚ್ಚರಿಕೆಯ ತಗಡು ಬಗ್ಗಿಸಿ ಕಳಿಸಿದ್ದೇನೆ. ಸಂಜೆ ಗುಡ್ಡದ ಮೇಲೆ ಪ್ಯಾಡು ಹಾಕಿದೆ. ತಪ್ಪು ನನ್ನದು.' ಸೂಪರ್‌ವೈಸರ್ ತಲೆ ಕೆರೆದುಕೊಂಡರು.

"ಪ್ಯಾಡು ಹಾಕಿಯಾಯ್ತಲ್ಲ ಮಾರಾಯ. ಮೇಲಿನವರಿಗೆ ಗೊತ್ತಾಗೋಲ್ಲ. ಈ ಪುಟ ಹಾಗೇ ಹರಿದುಬಿಡಲಾ?"

ಬೇಡ ಅನ್ನಲು ಮೇಸ್ತ್ರಿಗೆ ಸುಲಭವೇನೂ ಆಗಲಿಲ್ಲ. ಇಪ್ಪತ್ತಾರು ವರ್ಷದ ಹೆಸರು ಆ ಪುಟದಲ್ಲಿತ್ತು. "ಇರ್ಲಿ ಸರ್" ಅಂದ. ಮೂರು ತಿಂಗಳು ಸಹಿ ಹಾಕುವ ಅಧಿಕಾರ ಹೋಯಿತು. ಅವನು ಮಾಡಿದ ಕೆಲಸವನ್ನು ಅವನೇ ಕಲಿಸಿದ ಒಬ್ಬ ಮೇಸ್ತ್ರಿ ಪರೀಕ್ಷಿಸಿ ಸಹಿ ಹಾಕಬೇಕು. ಕ್ಯಾಂಟೀನಿನಲ್ಲಿ, "ಸ್ವಲ್ಪ ಗಟ್ಟಿಯಾಗಿ ಹೇಳ್ರೋ, ಇವರಿಗೆ ಕೇಳ್ಸಲ್ಲ" ಅಂತ ಗೇಲಿ ಮಾಡಿದರು. ಅವನೂ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ.

ಸ್ಟೋರಿನವರಿಗೆ ಸ್ಟಾಫ್ ಬಸ್ಸಿನಲ್ಲಿ ಸೀಟಾಯಿತು. ಮೇಸ್ತ್ರಿ ಬೇಕಾದ ಸಾಮಾನಿನ ಚೀಟಿ ಬರೆದು ಕಿಟಕಿಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುವುದು ಅಭ್ಯಾಸ ಮಾಡಿಕೊಂಡ. ಅವರು ಸಾಮಾನು ಕೊಟ್ಟು ಬೇರೆ ಕಡೆ ನೋಡುತ್ತಿದ್ದರು. ಆ ವರ್ಷದ ಕೊನೆಗೆ ಗಂಡ ಹಡಗಿನ ಕೆಲಸ ಬಿಟ್ಟು ಬಂದ ಮೇಲೆ ಅವರು ಮನೆ ಬದಲಿಸಿ ಹೋದರು. ಅಲ್ಲಿಯವರೆಗಿನ ದಿನಗಳು ಮೇಸ್ತ್ರಿಗೆ ಸಲೀಸಾಗೇನೂ ಕಳೆಯಲಿಲ್ಲ. ಎಷ್ಟೋ ಸಂಜೆ ಸ್ಕೂಟರಿನ ಹ್ಯಾಂಡಲ್ಲು ಓಣಿಯ ಕಡೆಗೆ ತಾನೇ ವಾಲುತ್ತಿತ್ತು. ಅಂಥ ದಿನ ಅವನು ದೊಡ್ಡ ರಸ್ತೆಯಲ್ಲಿ ನೇರ ಬಂದು ಕಲ್ಲುಬೆಂಚಿನ ಮುಂದೆ ಇಳಿದು, ಮುದುಕರ ಪಕ್ಕ ಕೂತು, "ಇವತ್ತು ಕಷ್ಟವಾಯ್ತು ದೊಡ್ಡಣ್ಣ" ಅನ್ನುತ್ತಿದ್ದ. ಅವರು "ಹೂಂ" ಅನ್ನುತ್ತಿದ್ದರು. ಇಬ್ಬರೂ ಕಣ್ಣುಮುಚ್ಚಿ ಎರಡು ನಿಮಿಷ ಕೂತು ಏಳುತ್ತಿದ್ದರು.

ಮನೆ ಒಮ್ಮೆಲೇ ಸರಿಯಾಗಲಿಲ್ಲ. ಹೆಂಡತಿ ಊಟ ಬಡಿಸುತ್ತಿದ್ದಳು, ಮಾತಿಗೆ ಮಾತು ಕೊಡುತ್ತಿದ್ದಳು, ಆದರೆ ಸಂಜೆ ಓದಿದ ಮೇಲೆ ಪ್ರಾರ್ಥನೆಯನ್ನೂ ತಾನೇ ಮಾಡಿ ಮುಗಿಸುತ್ತಿದ್ದಳು. ಅವನು ಕೇಳಲಿಲ್ಲ, ಕೇಳುವ ಹಕ್ಕು ಬಿಟ್ಟುಕೊಟ್ಟವನು ತಾನು ಅಂತ ಸುಮ್ಮನಿದ್ದ. ಐದನೇ ವಾರವೋ ಆರನೇ ವಾರವೋ ಅವಳು ಓದುವುದು ಮುಗಿಸಿ, ತಲೆ ಬಗ್ಗಿಸಿ, ಕಾದಳು. ಅವನು ಪ್ರಾರ್ಥನೆ ಮಾಡಿದ. ಶೋಧನೆಯ ಮಾತು ಬಂದಾಗ ನಿಂತ. ಕೆಮ್ಮು ಬಂದು ಅಲ್ಲ. ಆ ಒಂದು ಮಾತನ್ನು ಎರಡು ಸಲ ಹೇಳಿದ.

ಅದಾದ ಮೇಲೆ ಅವಳು ಒಂದು ಕರಾರು ಹಾಕಿದಳು. ದಿನಾ ಊಟಕ್ಕೆ 'ಆಮೆನ್' ಆದಮೇಲೆ ತಟ್ಟೆಗೆ ಕೈ ಹಾಕುವ ಮೊದಲು, ಅವತ್ತು ಹೇಳದೆ ಉಳಿಸಿಕೊಂಡದ್ದು ಏನಾದರೂ ಇದ್ದರೆ ಹೇಳಬೇಕು. ಇಬ್ಬರೂ. ಎಷ್ಟೇ ಸಣ್ಣದಾಗಿರಲಿ. ಅದು ಇವತ್ತಿಗೂ ನಡೆಯುತ್ತಿದೆ.

"ಇವತ್ತು ಏನು?" ಅನ್ನುತ್ತಾಳೆ ಅವಳು.

"ಏನಿಲ್ಲ."

ಅವಳು ಮುಖ ನೋಡುತ್ತಾಳೆ, ಸಾರಿನ ಸೌಟು ಎತ್ತಿ ಹಿಡಿದೇ ಇರುತ್ತಾಳೆ. ಅತ್ತೆಯೂ ಅತ್ತ ತಿರುಗುತ್ತಾರೆ. ಮೇಸ್ತ್ರಿ ಸ್ವಲ್ಪ ಹೊತ್ತು ತಟ್ಟೆ ನೋಡುತ್ತಾನೆ.

"ಡಾಕ್ಟರು ಬೇಡ ಅಂದಿದ್ರಲ್ಲ" ಅನ್ನುತ್ತಾನೆ ಕೊನೆಗೆ, "ಕ್ಯಾಂಟೀನಿನಲ್ಲಿ ಟೀಗೆ ಎರಡು ಚಮಚ ಸಕ್ಕರೆ ಹಾಕಿಸ್ಕೊಂಡೆ."

"ಎರಡೇನಾ?"

"ಮೂರು."

ಸೌಟು ಕೆಳಗಿಳಿಯುತ್ತದೆ. ಊಟ ಶುರುವಾಗುತ್ತದೆ.